ಆರೂ ಐವತ್ತರ ಅಂಕೋಲಾ ಗಾಡಿ

ಕಾರವಾರ ಡಿಪೋದ ಕನ್ನಡಿಯಲ್ಲಿ ಗದ್ದ ಎತ್ತಿ ನೋಡಿದೆ.
ಮೂರು. ನಿನ್ನೆ ಸಂಜೆ ಎರಡಿತ್ತು.
ಚಿಮಟ ಚೀಲದಲ್ಲೇ ಇರುತ್ತದೆ, ಚಿಲ್ಲರೆಯ ನಡುವೆ.
ಹುಲಸ್ವಾರ ಹಾರ್ನು ಹೊಡೆಯುವುದರೊಳಗೆ ಎರಡು ಕಿತ್ತೆ.
ಉಳಿದ ಒಂದರ ಮೇಲೆ,
ಬಿಣಗಾ, ಅರಗಾ, ಚೆಂಡಿಯಾ, ತೋಡೂರು,
ಇಡೀ ಬಸ್ಸಿನ ಕಣ್ಣು ಕೂತೇ ಬಂತು.
ಹಾಗೆಂದುಕೊಂಡೇ ಟಿಕೇಟು ಹರಿದೆ.
ಜನ ನೋಡುತ್ತಿದ್ದದ್ದು ಕಿಟಕಿಯಾಚೆ.
ಇಷ್ಟು ತಿಳಿಯಲು ನನಗೆ ಆರು ವರ್ಷ ಹಿಡಿಯಿತು.

ಅಮದಳ್ಳಿಯಲ್ಲಿ ಮಾಸ್ತರರು ಕೊಡೆಯ ತುದಿ ಎತ್ತಿ ಗದರುತ್ತಾರೆ:
"ಟೈಮು ಅಂಬುದು ಇಲ್ಲವೇನ್ರೀ ನಿಮಗೆ?"
ಇಲ್ಲ ಮಾಸ್ತರೇ.
ಒಮ್ಮೆ ನಲವತ್ತೆಂಟು ದಿನ, ಒಮ್ಮೆ ತೊಂಬತ್ತು;
ಚೌತಿಗೆ ಹೋದದ್ದು ಒಂದು ವರ್ಷ
ಸುಗ್ಗಿ ಕುಣಿತದ ಹೊತ್ತಿಗೆ ತಿರುಗಿ ಬಂತು,
ಬಂದದ್ದು ಹದಿನೇಳು ದಿನ ಹೋಗಲೊಲ್ಲದು.
ಇಷ್ಟೂ ನಾಲಿಗೆಯ ತುದಿಗೆ ಬಂದಿತ್ತು.
"ಒಳಗೆ ಸರೀರಿ, ಹಿಂದೆ ಸೀಟುಂಟು" ಅಂದೆ.

ಕೋಡಿಬಾಗದ ಸ್ಕ್ಯಾನಿಂಗ್ ಕೋಣೆ. ಹೊಟ್ಟೆಯ ಮೇಲೆ ತಣ್ಣನೆ ಜೆಲ್ಲು.
ಡಾಕ್ಟರು ಪರದೆ ಇತ್ತ ತಿರುಗಿಸಿ, ಒಳ್ಳೆಯ ಮನಸ್ಸಿನಿಂದಲೇ,
"ನೋಡಮ್ಮ, ಮುತ್ತಿನ ಸರದ ಹಾಗೆ" ಅಂದರು.
ಸರ ಅಂದಮೇಲೆ ಕೊರಳಿಗೆ ಬರಬೇಕಲ್ಲ.
ನನಗೆ ಕಂಡದ್ದು ಬೇರೆ:
ಇಳಿಯುವ ಊರು ಮರೆತು
ಬಾಗಿಲಲ್ಲೇ ಒತ್ತಿ ನಿಂತ ಪ್ಯಾಸೆಂಜರುಗಳು,
ಎಷ್ಟು ಸೀಟಿ ಊದಿದರೂ ಒಬ್ಬರೂ ಇಳಿಯರು.
ತೂಕ ಇಳಿಸಿ, ಅನ್ನ ಬಿಡಿ, ದಿನಾ ನಡೆಯಿರಿ.
ನಿಂತೇ ದುಡಿಯುವವಳಿಗೆ ನಡೆಯಲು ಹೇಳಿದರು.
ಬೆಳಗಿನ ಪೇಜ ಬಿಟ್ಟರೆ ಈ ಕರಾವಳಿಯಲ್ಲಿ
ಮೈಯೊಳಗೆ ಉಳಿಯುವುದಾದರೂ ಯಾರು?

ಆ ಮಳೆಗಾಲ ಹನ್ನೊಂದು ದಿನ ಗೋಡೆಗೆ ಮುಖ ಮಾಡಿ ಮಲಗಿದೆ.
ಆಯಿ ನೆರೆಮನೆಗೆ "ಜ್ವರ" ಅಂದಳು.
ಜ್ವರಕ್ಕಾದರೆ ಎಳನೀರು ತರುತ್ತಾರೆ,
ಇದಕ್ಕೆ ಏನು ತರಬೇಕೆಂದು ಯಾರಿಗೂ ಗೊತ್ತಿಲ್ಲ.

ಹನ್ನೆರಡನೆಯ ದಿನ ಪೆಟ್ಟಿಗೆ ಕೆದರುವಾಗ
ಆಯಿಯ ಮದುವೆಯ ಫೋಟೋ ಸಿಕ್ಕಿತು.
ಎಡತುದಿಯಲ್ಲಿ ಮಾಜಾಳಿಯ ಇಂದುಮಾವಶಿ.
ಮೀಸೆ ಮಾವಶಿ ಅನ್ನುತ್ತಿದ್ದೆವು, ಮಕ್ಕಳೆಲ್ಲ.
ಮೂಗಿನ ಕೆಳಗೆ ಮಸಿ ಬಳಿದುಕೊಂಡು
ಅವಳಂತೆ ನಡೆದು ತೋರಿಸಿ ನಗಿಸಿದವಳು ನಾನೇ.
ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಿದ್ದಳು.
ಫೋಟೋದಲ್ಲಿ ಅವಳ ಅಂಗೈ ಗದ್ದದ ಮೇಲೆ.
ಏನೋ ಯೋಚಿಸುತ್ತಿದ್ದಾಳೆ ಅಂದುಕೊಂಡಿದ್ದೆ ಇಷ್ಟು ವರ್ಷ.
ಉಳಿದವನ್ನೂ ತಿರುವಿದೆ. ಬಾರಸೆ, ಹೊಸಮನೆಯ ಊಟ,
ದೇವಬಾಗದ ಮರಳಲ್ಲಿ ಸಾಲಾಗಿ ಕೂತ ನಾವೆಲ್ಲ.
ಅದೇ ಕೈ. ಅದೇ ಕೈ.
ಹೆಣ ಎತ್ತುವಾಗಲಾದರೂ ಯಾರಾದರೂ ಇಳಿಸಿದರೋ ಅದನ್ನು?
ಕೇಳಿದೆ. ಆಯಿ ಅನ್ನ ಬಸಿಯುತ್ತಲೇ,
"ಅವಳ ಕಾಲಕ್ಕೆ ಇದಕ್ಕೆ ಹೆಸರೆಲ್ಲಿತ್ತು ಬಾಯ್" ಅಂದಳು.
ಬಸಿದ ಗಂಜಿಯ ಹಬೆಯಲ್ಲಿ ಅವಳ ಮುಖ ಕಾಣಲಿಲ್ಲ.

ನನ್ನದಕ್ಕೆ ಹೆಸರಿದೆ, ನಾಲ್ಕು ಇಂಗ್ಲಿಷ್ ಅಕ್ಷರ.
ದೊಡ್ಡ ಸಮಾಧಾನವೇನಲ್ಲ;
ಬೋರ್ಡಿಲ್ಲದ ಬಸ್ಸಿಗಿಂತ ಬೋರ್ಡಿರುವ ಬಸ್ಸು ವಾಸಿ, ಅಷ್ಟೆ.
ಹತ್ತುವುದೋ ಬಿಡುವುದೋ ಆಮೇಲೆ.
ಈಗಲೂ ಕೆಲವು ರಾತ್ರಿ, ಯಾರ ಮೇಲಿನ ಸಿಟ್ಟೆಂದು ತಿಳಿಯದೆ,
ತಟ್ಟೆ ಕುಕ್ಕುತ್ತೇನೆ. ಮಾತ್ರೆ ನುಂಗುತ್ತೇನೆ.
ಪೇಜ ಬಿಟ್ಟಿಲ್ಲ, ಅರ್ಧ ಬಟ್ಟಲು ಕುಡಿಯುತ್ತೇನೆ.
ಚಿಮಟವನ್ನೂ ಬಿಸಾಡಿಲ್ಲ.

ಅವರ್ಸಾ ದಾಟಿದರೆ ರಶ್ಶು.
ಹಿಂದಿನ ಬಾಗಿಲಲ್ಲಿ ಬುಟ್ಟಿ ಇಟ್ಟು ಜಗಳಕ್ಕೆ ನಿಂತ ಶೇವಂತಿಬಾಯಿ,
ಪಾಸು ತೋರಿಸದೆ ನುಸುಳುವ ಕಾಲೇಜು ಹುಡುಗರು.
ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಮಷೀನಿಗೆ.
ಹಟ್ಟಿಕೇರಿಯ ತಿರುವಿನಲ್ಲಿ ಗಾಳಿ ನೇರ ಮುಖಕ್ಕೇ.
ಗದ್ದ ಮುಚ್ಚಲು, ಇಂದುಮಾವಶಿ,
ಮೂರನೆಯ ಕೈ ಎಲ್ಲಿಂದ ತರಲಿ?
ಟಿಕೇಟ್. ಯಾರ್ರೀ ಟಿಕೇಟ್.